ರಜೆಯ ಹಡಗಿನಲ್ಲಿ ಅತ್ತಿಗೆ ಹೊಡೆದ ಪೆಟ್ಟು

ನನ್ನ ಅತ್ತಿಗೆಯನ್ನು ‘ಗಂಡನ ಕೈ ಮುರಿದವಳು’ ಎಂದು ಕರೆಯುವವರು ಇನ್ನೂ ಇದ್ದಾರೆ. ಕರೆಯಲಿ, ಅವರ ಬಾಯಿಗೆ ಬೀಗ ಹಾಕಲು ನನ್ನಿಂದ ಆಗುವುದಿಲ್ಲ. ಆದರೆ ಆ ದಿನ ಹಡಗಿನ ಮೇಲಟ್ಟದಲ್ಲಿ, ಅಂದರೆ ಮೇಲಿನ ಡೆಕ್ಕಿನಲ್ಲಿ, ಒಣಗಿದ ಟವೆಲ್ಲುಗಳ ಗಾಡಿ ಹಿಡಿದು ನಾನೂ ನಿಂತಿದ್ದೆ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ. ಯಾರದೋ ಫೋನಿನಲ್ಲಿ ಅರ್ಧಂಬರ್ಧ ವಿಡಿಯೊ ನೋಡಿ ನಾಲಿಗೆ ಹರಿಬಿಡುವವರು ಮೊದಲು ಪೂರ್ತಿ ಕೇಳಿಸಿಕೊಳ್ಳಲಿ.

ನಾವು ಮೂವರೂ ಒಂದೇ ಹಡಗಿನಲ್ಲಿ ದುಡಿಯುತ್ತಿದ್ದೆವು. ಜನ ಮಕ್ಕಳು ಮರಿ ಕಟ್ಟಿಕೊಂಡು ಬಂದು, ಸಮುದ್ರ ಸುತ್ತಿ, ತಿಂದು, ಈಜಿ, ಮಲಗಿ ಹೋಗುವ ಹಡಗು ಅದು. ನಾನು ತಳದಲ್ಲಿ ಬಟ್ಟೆ ಒಗೆಯುವ ಕೋಣೆಯವಳು. ಅಣ್ಣ ಅಡುಗೆಮನೆಯಲ್ಲಿ ಮಾಂಸ ಕತ್ತರಿಸುವವನು. ಅತ್ತಿಗೆ ಮೇಲಟ್ಟದಲ್ಲಿ, ಈಜುಕೊಳದ ಸುತ್ತಲಿನ ಒರಗುಕುರ್ಚಿಗಳನ್ನು ನೋಡಿಕೊಳ್ಳುವವಳು. ಗಂಡ ಹೆಂಡತಿ ಬೇರೆ ಬೇರೆ ಹಡಗುಗಳಲ್ಲಿ ವರ್ಷಗಟ್ಟಲೆ ಅಲೆದು, ಫೋನಿನಲ್ಲೇ ಸಂಸಾರ ಮಾಡಿ, ಕಂಡಕಂಡವರ ಕೈಕಾಲು ಹಿಡಿದು, ಕೊನೆಗೂ ಒಂದೇ ಹಡಗು, ಒಂದೇ ಕೋಣೆ ಗಿಟ್ಟಿಸಿಕೊಂಡಿದ್ದರು. ಕಿಟಕಿಯಿಲ್ಲದ ಕೋಣೆ, ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಅತ್ತಿಗೆ ಅದನ್ನೇ ಅರಮನೆ ಅನ್ನುತ್ತಿದ್ದಳು.

ಮಾಮೂಲು ದಿನಗಳಲ್ಲಿ ಆ ಹಡಗಿನ ಮೇಲೆ ದೂರುವಂಥದ್ದೇನೂ ಇಲ್ಲ. ಶಾಲೆಗಳಿಗೆ ರಜೆ ಬಿತ್ತೋ, ಕಥೆ ಮುಗಿಯಿತು. ಕಂಪನಿಯ ಲೆಕ್ಕದಲ್ಲಿ ಕೋಣೆಗಿಬ್ಬರಿದ್ದರೆ ಹಡಗು ಭರ್ತಿ. ರಜೆಯಲ್ಲಿ ಸೂರಿನಿಂದ ಮಂಚ ಇಳಿಸಿ, ಸೋಫಾ ಬಿಚ್ಚಿ ಹಾಸಿ, ಮಕ್ಕಳನ್ನೂ ಅದೇ ಕೋಣೆಗೆ ತುರುಕುತ್ತಾರೆ. ಭರ್ತಿಯ ಮೇಲೆ ಇನ್ನೊಂದು ಭರ್ತಿ. ಮಂಚ ಹೆಚ್ಚುತ್ತದೆ, ಕುರ್ಚಿ ಹೆಚ್ಚುವುದಿಲ್ಲ, ಲಿಫ್ಟು ಹೆಚ್ಚುವುದಿಲ್ಲ, ಈಜುಕೊಳವೇನು ರಬ್ಬರಿನದೇ? ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಹತ್ತಿದ ದಿನ ಎಲ್ಲರೂ ಹಲ್ಲು ಕಿರಿದು ‘ನೀವು ಮೊದಲು ಹೋಗಿ’ ಅನ್ನುತ್ತಾರೆ. ಒಂದೆರಡು ದಿನ ಕಳೆಯಲಿ, ಲಿಫ್ಟಿನ ಬಾಗಿಲಲ್ಲಿ ಮೊಣಕೈ ತಿವಿತ ಶುರು. ಆ ಸಲ ಐಸ್‌ಕ್ರೀಮಿನ ಸಾಲಿನಲ್ಲಿ ಇಬ್ಬರು ಅಜ್ಜಿಯರು ಜುಟ್ಟು ಹಿಡಿದು ಎಳೆದಾಡಿ, ಒಬ್ಬಳ ಓಲೆ ಕಿತ್ತು ಕಿವಿಯೇ ಹರಿದಿತ್ತು. ಜಾರುಬಂಡೆಯ ಮೆಟ್ಟಿಲಲ್ಲಿ ಒಬ್ಬ ಅಪ್ಪ ಬೇರೆಯವರ ಮಗುವನ್ನು ತಳ್ಳಿದ, ಆ ಮಗುವಿನ ಅಪ್ಪ ಇವನ ಹಲ್ಲು ಉದುರಿಸಿದ. ಸುಖಪಡಲು ಬಂದವರ ರಕ್ತವೆಲ್ಲ ಕೊನೆಗೆ ಬರುತ್ತಿದ್ದುದು ನನ್ನ ಯಂತ್ರಕ್ಕೆ. ಬಿಳಿ ಟವೆಲ್ಲಿನಿಂದ ಅದನ್ನು ಬಿಡಿಸುವ ಕಷ್ಟ ನನಗೊಬ್ಬಳಿಗೆ ಗೊತ್ತು.

ಅತ್ತಿಗೆಗೆ ಜನಜಂಗುಳಿ ಹೊಸದಲ್ಲ. ಅವಳ ಅಪ್ಪ ಬಸ್ ನಿಲ್ದಾಣದಲ್ಲಿ ಮೂಟೆ ಹೊರುವವನು. ಬಸ್ಸು ನಿಲ್ಲುವ ಮೊದಲೇ ಓಡಿ, ಕಿಟಕಿಯಿಂದ ಕರವಸ್ತ್ರ ಎಸೆದು, ಗಿರಾಕಿಗಳಿಗೆ ಸೀಟು ಹಿಡಿದುಕೊಡುವುದೂ ಅವನ ಕಸುಬು. ಒಂದು ರಜೆಯ ದಿನ ಯಾರೋ ಆ ಕರವಸ್ತ್ರ ಎತ್ತಿ ಬಿಸಾಡಿ ಕೂತುಬಿಟ್ಟ. ಮಾತಿಗೆ ಮಾತು ಬೆಳೆಯಿತು. ಅಪ್ಪ ಸೊಂಟದಲ್ಲಿದ್ದ ಮೂಟೆ ಎತ್ತುವ ಕೊಕ್ಕೆ ತೆಗೆದು ಬೀಸಿದ. ಅದು ಆ ಮನುಷ್ಯನ ಕುತ್ತಿಗೆಗೆ ಬಿತ್ತು. ಅಪ್ಪನಿಗೆ ಊಟ ಕೊಡಲು ಬಂದಿದ್ದ ಅತ್ತಿಗೆ ಆಗ ಬಸ್ಸಿನ ಮೆಟ್ಟಿಲ ಮೇಲೆಯೇ ಇದ್ದಳು. ಅವನು ಸೀಟಿನಲ್ಲೇ ಸತ್ತ, ಅಪ್ಪ ಜೈಲಿನಲ್ಲಿ ಸತ್ತ. ಒಮ್ಮೆ ಮಾತ್ರ ಇದನ್ನು ನನಗೆ ಹೇಳಿದ್ದಳು.

“ನಮ್ಮಪ್ಪ ಕೆಟ್ಟವನಲ್ಲ ಕಣೆ. ಕೆಟ್ಟದ್ದು ಆ ಒಂದು ಗಳಿಗೆ. ಆಗ ಅವನ ಕೈ ಹಿಡಿಯೋರು ಯಾರೂ ಇರ್ಲಿಲ್ಲ.”

ದೊಡ್ಡವಳಾದ ಮೇಲೆ ಅವಳೂ ಬಸ್ಸಿನಲ್ಲೇ ಟಿಕೆಟ್ ಹರಿದಳು. ಮೈಮುಟ್ಟಲು ಬಂದವನ ಬೆರಳನ್ನು ಬಸ್ಸಿನ ಬಾಗಿಲಿಗೆ ಸಿಕ್ಕಿಸಿ ಮುಂದಿನ ನಿಲ್ದಾಣದವರೆಗೂ ಕರೆದುಕೊಂಡು ಹೋದ ಗಟ್ಟಿಗಿತ್ತಿ. ಅಂಥವಳು ಮದುವೆಯಾದ ಮೇಲೆ ಬೆಣ್ಣೆಯಾಗಿಬಿಟ್ಟಳು, ಯಾಕೆಂದರೆ ಕಟ್ಟಿಕೊಂಡ ಗಂಡ ಬೆಂಕಿ. ನನ್ನ ಅಣ್ಣನಿಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹಿಂದಿನ ಹಡಗಿನಲ್ಲಿ ಜೊತೆಯ ಅಡುಗೆಯವನ ದವಡೆ ಮುರಿದಿದ್ದ. ಇನ್ನೊಂದು ಸಲ ಕೈ ಎತ್ತಿದರೆ ಮನೆಗೆ ಕಳಿಸುವುದಾಗಿ ಕಂಪನಿ ಹೇಳಿತ್ತು. ಪ್ರಯಾಣಿಕರ ಮೇಲೆ ಕೈ ಮಾಡಿದರಂತೂ ಮುಂದಿನ ಬಂದರಿನಲ್ಲಿ ಪೊಲೀಸರೇ ಕಾದಿರುತ್ತಾರೆ. ಅದಕ್ಕೇ ಮೇಲಟ್ಟದ ಜಗಳ ಅಡುಗೆಮನೆಗೆ ಇಳಿಯಕೂಡದು ಎಂದು ಅತ್ತಿಗೆ ಎಲ್ಲರಿಗೂ ತಾಕೀತು ಮಾಡಿದ್ದಳು. ತೋಳು ಕಪ್ಪುಗಟ್ಟಿದ್ದರೆ ಅಣ್ಣನಿಗೆ ‘ಗಾಡಿ ತಗುಲಿತು’ ಅನ್ನುವಳು, ತುಟಿ ಒಡೆದಿದ್ದರೆ ‘ಬಾಗಿಲು ಬಡಿಯಿತು’ ಅನ್ನುವಳು. ಕಂಡವರೆಲ್ಲ ಬೈದು ಹೋಗುತ್ತಿದ್ದರು, ಇವಳು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕುರ್ಚಿಯ ನಿಯಮ ಸರಳ. ಬೆಳಗಾಗುವ ಮೊದಲೇ ಜನ ಬಂದು ಕುರ್ಚಿಗಳ ಮೇಲೆ ಟವೆಲ್ ಹಾಸಿ, ತಿನ್ನಲು ಹೋಗಿಬಿಡುತ್ತಾರೆ. ಖಾಲಿ ಟವೆಲ್ ಕಂಡರೆ ಅತ್ತಿಗೆ ಅದಕ್ಕೊಂದು ಕೆಂಪು ಕ್ಲಿಪ್ಪು ಸಿಕ್ಕಿಸಿ ಮುಂದೆ ಹೋಗಬೇಕು. ಇನ್ನೊಂದು ಸುತ್ತು ಬರುವಾಗಲೂ ಕ್ಲಿಪ್ಪು ಹಾಗೇ ಇದ್ದರೆ ಯಾರೂ ಬಂದಿಲ್ಲವೆಂದು ಅರ್ಥ. ಆಗ ಟವೆಲ್ ಸುತ್ತಿ, ಸಾಮಾನನ್ನು ಕೌಂಟರಿಗೆ ಕೊಟ್ಟು, ನಿಂತಿದ್ದವರಿಗೆ ಕುರ್ಚಿ ಬಿಟ್ಟುಕೊಡಬೇಕು. ಅಷ್ಟು ಜನರ ಮುಖ ಯಾರು ನೆನಪಿಟ್ಟುಕೊಳ್ಳುತ್ತಾರೆ? ಎಲ್ಲರೂ ನಂಬುತ್ತಿದ್ದುದು ಕ್ಲಿಪ್ಪನ್ನೇ.

ಬಿಳಿ ಟೊಪ್ಪಿಯ ಒಬ್ಬ ದಾಂಡಿಗ ಇದ್ದ. ಅವನೂ ಅವನ ಬಳಗವೂ ನೆರಳಿನ ಒಂದು ಸಾಲನ್ನೇ ಟವೆಲ್ ಹಾಸಿ ಆಳುತ್ತಿದ್ದರು. ಆ ದಿನ ಅತ್ತಿಗೆ ಅವರ ಸಾಲಿಗೆಲ್ಲ ಕ್ಲಿಪ್ಪು ಹಾಕಿ ಹೋದಳು. ಅವನು ತಿಂಡಿಯ ನಡುವೆ ಬಂದು ನೋಡಿ, ಅವನ್ನು ಕಿತ್ತು, ಹಿಂದಿನ ಸಾಲಿನ ಟವೆಲ್ಲುಗಳಿಗೆ ಸಿಕ್ಕಿಸಿ, ಮತ್ತೆ ತಿನ್ನಲು ಹೋದ. ಹಿಂದಿನ ಸಾಲಿನಲ್ಲಿ ಊರುಗೋಲಿನ ಮುದುಕನೊಬ್ಬ ಆಗಷ್ಟೇ ಬಚ್ಚಲಿಗೆ ಎದ್ದು ಹೋಗಿದ್ದ. ಅತ್ತಿಗೆ ಬಂದಳು, ಕ್ಲಿಪ್ಪು ನೋಡಿದಳು, ಮುದುಕನ ಟವೆಲ್ ಎತ್ತಿ ಕುರ್ಚಿಯನ್ನು ಬೇರೆಯವರಿಗೆ ಕೊಟ್ಟಳು. ಮುದುಕ ತಿರುಗಿ ಬಂದು, ನಿಲ್ಲಲಾಗದೆ ಒದ್ದೆ ನೆಲದಲ್ಲೇ ಕೂತು ಅತ್ತುಬಿಟ್ಟ. ಟೊಪ್ಪಿಯವನ ಕೆಲಸವನ್ನು ಕಂಡಿದ್ದ ಹೆಂಗಸೊಬ್ಬಳು ಆಗ ಬಾಯಿ ಬಿಟ್ಟಳು. ಅತ್ತಿಗೆಯ ಮುಖ ಕೆಂಪಾಯಿತು. ಟೊಪ್ಪಿಯವನ ಸಾಲಿನ ಟವೆಲ್ಲು, ಚೀಲ, ಚಪ್ಪಲಿ ಎಲ್ಲವನ್ನೂ ಬಾಚಿ ಗಾಡಿಗೆ ತುಂಬಿ, ಅವನದೇ ಕುರ್ಚಿಯಲ್ಲಿ ಮುದುಕನನ್ನು ಕೂರಿಸಿದಳು. ನಾನು ಮನಸ್ಸಿನಲ್ಲೇ ಭೇಷ್ ಅಂದೆ.

ಟೊಪ್ಪಿಯವ ಬಂದವನೇ ಮುದುಕನನ್ನು ಕುರ್ಚಿಸಮೇತ ಎತ್ತಿ ಉರುಳಿಸಿದ. ಅತ್ತಿಗೆ ಅಡ್ಡ ಹೋದಳು. ಅವನು ಅವಳ ಕೂದಲು ಹಿಡಿದು, ನನ್ನ ಗಾಡಿಯ ಉಕ್ಕಿನ ಅಂಚಿಗೆ ಅವಳ ಹಣೆಯನ್ನು ಬಡಿದ. ಒಮ್ಮೆಯಲ್ಲ, ಮತ್ತೆ ಮತ್ತೆ. ಗಾಡಿ ನನ್ನ ಹೊಟ್ಟೆಗೆ ಗುದ್ದಿ ನಾನು ಹಿಂದಕ್ಕೆ ಬಿದ್ದೆ. ಎದ್ದು ಅವನ ಮುಂಗೈಗೆ ಬಾಯಿ ಹಾಕಿ ಕಚ್ಚಿದೆ, ಅವನು ಒದ್ದ. ಮುದುಕ ಬಿದ್ದಲ್ಲಿಂದಲೇ ಊರುಗೋಲಿನಿಂದ ಅವನ ಕಾಲಿಗೆ ಬಾರಿಸುತ್ತಿದ್ದ. ಅಷ್ಟರಲ್ಲಿ ಅವನ ಬಳಗದವರು ನುಗ್ಗಿದರು, ಹಿಂದಿನ ಸಾಲಿನವರೂ ನುಗ್ಗಿದರು. ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ತಿಳಿಯದೆ ಎಲ್ಲರೂ ಎಲ್ಲರಿಗೂ ಹೊಡೆದರು. ಗಾಜಿನ ಲೋಟಗಳು ಒಡೆದು, ಬರಿಗಾಲಲ್ಲಿದ್ದ ಮಕ್ಕಳು ಅದರ ಮೇಲೆಯೇ ಓಡಿದರು. ಕೊಳದ ನೀರಿನಲ್ಲಿ ಕೆಂಪು ಹರಡಿತು. ಕಾವಲಿನವರು ಮೆಟ್ಟಿಲಲ್ಲೇ ಜನರ ನಡುವೆ ಸಿಕ್ಕಿಕೊಂಡಿದ್ದರು. ಎತ್ತಿ ಹಿಡಿದ ಫೋನುಗಳಿಗೇನೂ ಬರವಿರಲಿಲ್ಲ, ಬಿಡಿಸಲು ಬಂದ ಕೈ ಒಂದೂ ಇಲ್ಲ.

ಹಣೆ ಸೀಳಿ ಅತ್ತಿಗೆಯ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಆದರೂ ಅವಳು ತಿರುಗಿ ಹೊಡೆಯಲಿಲ್ಲ. ಕಸ ಗುಡಿಸುವವನೊಬ್ಬ ಅಣ್ಣನಿಗೆ ಹೇಳಲು ಆಗಲೇ ಅಡುಗೆಮನೆಗೆ ಓಡಿದ್ದನ್ನು ಕಂಡು, ಅವನನ್ನು ತಡಿ ಎಂದು ನನಗೆ ಕೂಗಿದಳು. ನಾನು ಏಳುವಷ್ಟರಲ್ಲಿ ಆಳುಗಳ ಲಿಫ್ಟಿನ ಬಾಗಿಲು ತೆರೆಯಿತು.

ಅಣ್ಣ ಬಂದಿದ್ದ. ಏಪ್ರನ್ನಿನ ತುಂಬ ದನದ ರಕ್ತ, ಕೈಯಲ್ಲಿ ಮೂಳೆಯಿಂದ ಮಾಂಸ ಬಿಡಿಸುವ ಚೂರಿ.   ಹೆಂಡತಿಯ ಹಣೆಯನ್ನು ನೋಡಿದ, ಟೊಪ್ಪಿಯವನನ್ನು ನೋಡಿದ, ನೇರ ನಡೆದ. ಜನ ತಾವಾಗಿಯೇ ದಾರಿ ಬಿಟ್ಟರು. ಅಷ್ಟು ಹೊತ್ತು ಕಾಲಿಡಲು ಜಾಗವಿಲ್ಲದ ಅಟ್ಟದಲ್ಲಿ ಅವನಿಗೆ ಮಾತ್ರ ರಸ್ತೆಯಷ್ಟು ಜಾಗ ಸಿಕ್ಕಿತು. ಟೊಪ್ಪಿಯವನ ಬೆನ್ನು ಹಡಗಿನಂಚಿನ ಕಟಕಟೆಗೆ ತಾಗಿತ್ತು, ಹಿಂದೆ ಸಮುದ್ರ. ಅವನ ಚಡ್ಡಿ ಒದ್ದೆಯಾದದ್ದು ಕೊಳದ ನೀರಿನಿಂದಲ್ಲ.

ಅತ್ತಿಗೆ ನಡುವೆ ಬಂದು ನಿಂತಳು. “ಬೇಡ ರೀ. ನನ್ನ ಮೇಲಾಣೆ, ಬೇಡ” ಅಂದಳು. ಅಣ್ಣ ಎಡಗೈಯಿಂದ ಅವಳನ್ನು ಪಕ್ಕಕ್ಕೆ ನೂಕಿ, ಚೂರಿಯ ಕೈ ಎತ್ತಿದ.

ಬಿಸಿಲಿನ ಕೊಡೆಯೊಂದು ಮುರಿದು ಬಿದ್ದಿತ್ತು. ಅದರ ಕಂಬವನ್ನು ಅತ್ತಿಗೆ ಎರಡೂ ಕೈಯಲ್ಲಿ ಎತ್ತಿ, ಮೈಯ ಬಲವನ್ನೆಲ್ಲ ಹಾಕಿ ಅಣ್ಣನ ಮುಂಗೈ ಮೇಲೆ ಬೀಸಿದಳು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಚೂರಿ ನೆಲಕ್ಕೆ ಬಿತ್ತು. ಅವನು ಎಡಗೈ ಚಾಚಿ ಅದಕ್ಕೇ ಬಗ್ಗಿದ. ಅವಳು ಮೊಣಕಾಲಿಗೆ ಇನ್ನೊಂದು ಕೊಟ್ಟಳು. ಅವನು ಉರುಳಿದ ಮೇಲೆ ಚೂರಿಯನ್ನು ಕಾಲಿನಿಂದ ಸಮುದ್ರಕ್ಕೆ ಒದ್ದು, ಕಂಬ ಬಿಸಾಡಿ, ಅವನ ಎದೆಯ ಮೇಲೆ ಬಿದ್ದು ತಬ್ಬಿಕೊಂಡಳು. ಅಣ್ಣ ಚೀರುತ್ತಿದ್ದ. ಅವಳು ಬಿಡಲಿಲ್ಲ.

ವಿಚಾರಣೆ ಕಾವಲಿನ ಮುಖ್ಯಸ್ಥನ ಕೋಣೆಯಲ್ಲಿ ನಡೆಯಿತು. ಹಣೆಗೆ ಹೊಲಿಗೆ ಹಾಕಿಸಿಕೊಂಡು ಅತ್ತಿಗೆ ಸುಳ್ಳನ್ನು ಸರಾಗವಾಗಿ ಹೇಳಿದಳು. ನನಗೆ ಏಟು ಬಿತ್ತೆಂದು ಕೇಳಿ ಗಂಡ ಓಡಿ ಬಂದರು, ಕೈಯಲ್ಲಿ ಚೂರಿಯಿದ್ದದ್ದು ಅವರಿಗೆ ನೆನಪೇ ಇರಲಿಲ್ಲ, ಜಗಳಕ್ಕೆ ಯಾಕೆ ಹೋದೆ ಎಂದು ನನ್ನನ್ನೇ ಬೈದರು, ಸಿಟ್ಟು ಬಂತು, ಹೊಡೆದೆ ಅಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಅದರಲ್ಲಿ ನೀವ್ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಎಂದು ನಕ್ಕಳು ಕೂಡ. ನಾನು ಹೌದು ಹೌದು ಅಂದೆ. ಮುದುಕನೂ ಊರುಗೋಲು ಕುಟ್ಟಿ ಹೌದು ಅಂದ. ತಾನೇ ಮೊದಲು ಕೈ ಮಾಡಿದ್ದು ಎಲ್ಲರ ಫೋನಿನಲ್ಲೂ ಇದ್ದುದರಿಂದ ಟೊಪ್ಪಿಯವ ಬಾಯಿಗೆ ಹೊಲಿಗೆ ಹಾಕಿಕೊಂಡ. ಅಣ್ಣ ಚೂರಿ ಎತ್ತಿದ ಗಳಿಗೆ ಮಾತ್ರ ಜನರ ತಲೆಗಳ ಮರೆಯಲ್ಲಿ ಯಾವ ಫೋನಿಗೂ ಸಿಕ್ಕಿರಲಿಲ್ಲ. ಅಣ್ಣನನ್ನು ಕೇಳೋಣವೆಂದರೆ, ನೋವಿನ ಸೂಜಿ ಚುಚ್ಚಿಸಿಕೊಂಡು ಅವನು ತೊದಲುತ್ತಿದ್ದ.

ತೀರ್ಪು ಬಂತು. ಅಣ್ಣ ಪೆಟ್ಟು ತಿಂದವನು, ಅವನನ್ನು ಹಡಗಿನಲ್ಲೇ ಇಟ್ಟುಕೊಂಡು ಗುಣವಾಗುವವರೆಗೆ ಹಗುರ ಕೆಲಸ ಕೊಡುತ್ತಾರಂತೆ. ಪೆಟ್ಟು ಕೊಟ್ಟ ಅತ್ತಿಗೆ ಮುಂದಿನ ಬಂದರಿನಲ್ಲಿ ಇಳಿಯಬೇಕು, ಕಂಪನಿಯ ಯಾವ ಹಡಗಿಗೂ ಇನ್ನು ಹತ್ತುವಂತಿಲ್ಲ. ನನಗೆ ಆ ಕೋಣೆಯ ಮೇಜನ್ನೇ ಎತ್ತಿ ಹಾಕಬೇಕೆನಿಸಿತು. ಅತ್ತಿಗೆ ನನ್ನ ಮೊಣಕೈ ಹಿಡಿದು, ಅವರಿಗೆ ಉಪಕಾರವಾಯಿತು ಎಂದು ಹೇಳಿ ಎದ್ದಳು.

ಹಡಗಿನ ಆಸ್ಪತ್ರೆಯಲ್ಲಿ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಮುಂಗೈ ಕೂಡಿದರೂ ಇನ್ನು ಚೂರಿ ಹಿಡಿಯುವಂತಾಗುವುದಿಲ್ಲ ಎಂದು ವೈದ್ಯೆ ಹೇಳಿ ಹೋಗಿದ್ದಳು. ಬದುಕೆಲ್ಲ ಕಲಿತ ಒಂದೇ ಕೆಲಸ ಅದು. ಅತ್ತಿಗೆ ಹೋಗಿ ಪಕ್ಕದಲ್ಲಿ ಕೂತಾಗ, ತಿರುಗಿಯೂ ನೋಡದೆ, “ಅವನನ್ನ ಬಿಟ್ಟು ನನಗೆ ಹೊಡೆದ್ಯಲ್ಲೇ” ಅಂದ.

“ಅವನು ಸತ್ರೆ ನಂಗೇನ್ರೀ? ನೀವು ಜೈಲಲ್ಲಿ ಸಾಯ್ತಿದ್ರಿ. ಅದಕ್ಕೆ ಹೊಡ್ದೆ.”

 ಬಂದರು ಬರುವವರೆಗೂ ಅಣ್ಣ ಅವಳೊಡನೆ ಮಾತಾಡಲಿಲ್ಲ. ಅನ್ನ ಕಲಸಿ ತಿನ್ನಿಸಲು ಹೋದರೆ ತಟ್ಟೆ ನೂಕಿದ. ಇವನೆಂಥ ಕಲ್ಲುಗುಂಡು, ಇವನಿಗಾಗಿ ಇವಳು ಬೀದಿಗೆ ಬಿದ್ದಳಲ್ಲ ಎಂದು ನಾನು ಅತ್ತೆ, ಬಾಯಿಗೆ ಬಂದದ್ದೆಲ್ಲ ಬೈದೆ. 

ಇಳಿಯುವ ದಿನ ಹಡಗಿನಿಂದ ದಡಕ್ಕೆ ಹಾಕಿದ ಸೇತುವೆಯ ಆ ಕಡೆ ಹೊಸ ಪ್ರಯಾಣಿಕರು ಆಗಲೇ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ರಜೆ ಇನ್ನೂ ಮುಗಿದಿರಲಿಲ್ಲ. ಅತ್ತಿಗೆ ನನ್ನನ್ನು ತಬ್ಬಿ, ಅಣ್ಣನ ಊಟ, ಔಷಧಿ, ಪಟ್ಟಿ ಬದಲಿಸುವುದು ಎಲ್ಲವನ್ನೂ ಹೇಳಿಕೊಟ್ಟು, ಟ್ರಂಕಿಗೆ ಕೈ ಹಾಕಿದಳು. ಅಷ್ಟರಲ್ಲಿ ಟ್ರಂಕನ್ನು ಬೇರೊಂದು ಕೈ ಎತ್ತಿತು. ಅಣ್ಣ, ಕುಂಟುತ್ತಾ ಬಂದಿದ್ದ. ಬಲಗೈ ಕೊರಳಿಗೆ ಕಟ್ಟಿತ್ತು, ಹೆಗಲಲ್ಲಿ ಅವನದೂ ಒಂದು ಚೀಲ. ಬಾಗಿಲಿನ ಕಾವಲಿನವನು ನೀನು ಇಳಿಯುವಂತಿಲ್ಲ, ಇಳಿದರೆ ಮತ್ತೆ ಹತ್ತಿಸಿಕೊಳ್ಳುವುದಿಲ್ಲ ಎಂದ. ಅಣ್ಣ ಅವನನ್ನು ನೋಡಲೇ ಇಲ್ಲ.

ಅತ್ತಿಗೆಗೆ ಎಲ್ಲಿತ್ತೋ ಸಿಟ್ಟು. ಅಷ್ಟು ದಿನ ಅಳದವಳು ಅಳುತ್ತಾ ಅವನ ಎದೆಗೆ ಮುಷ್ಟಿಯಿಂದ ಗುದ್ದತೊಡಗಿದಳು. ಹೋಗಿ ಒಳಗೆ, ಯಾರಿಗಾಗಿ ಇಷ್ಟೆಲ್ಲ ಮಾಡಿದೆ, ಇದ್ದ ಅನ್ನವನ್ನೂ ಕಳೆದುಕೊಳ್ಳುತ್ತೀರಾ ಎಂದು ಗುದ್ದಿದಳು, ನೂಕಿದಳು. ಆಚೆ ಕಡೆಯ ನೂಕುನುಗ್ಗಲು ಕೂಡ ನಿಂತು ನೋಡುತ್ತಿತ್ತು. ಅಣ್ಣ ಟ್ರಂಕು ಕೆಳಗಿಟ್ಟು, ಎಡಗೈಯನ್ನು ಅವಳ ಮುಂದೆ ಚಾಚಿದ.

“ಹೊಡಿ. ಈ ಕೈನೂ ಮುರಿ ಬೇಕಾದ್ರೆ. ನಾನಂತೂ ನಿನ್ನ ಜೊತೆ ಇಳಿತೀನಿ.”

ಅವಳ ಮುಷ್ಟಿ ಅವನ ಎದೆಯ ಮೇಲೆ ಹಾಗೇ ನಿಂತಿತು. ಆಮೇಲೆ ಅವಳು ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದಳು, ಅವನು ಇನ್ನೊಂದು ಹಿಡಿದ. ಇಬ್ಬರೂ ಇಳಿದರು.