ಸಪ್ತಾಪುರದ ಕಾಗದದ ಹಳಿ

ಗುರುಬಸವ ಹತ್ತಿ ವ್ಯಾಪಾರದ ಮನೆತನದವನು. ಅಂಗಡಿಯನ್ನು ಅಣ್ಣನಿಗೆ ಬಿಟ್ಟು, ಧಾರವಾಡದ ಸಪ್ತಾಪುರದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ವಿಶ್ವವಿದ್ಯಾಲಯದವರ ಪ್ರಬಂಧ ಟೈಪ್ ಮಾಡಿಕೊಡುತ್ತಿದ್ದ. ಊರಿನ ಕಿರಿದಾದ ಮೀಟರ್ ಗೇಜ್ ಹಳಿ ಕಿತ್ತು ಅಗಲದ ಬ್ರಾಡ್ ಗೇಜ್ ಹಾಕಿದ ಮೇಲೆ ಅವನು ಸ್ಟೇಷನ್ ಕಡೆ ಹೋಗಲಿಲ್ಲ. ಅದನ್ನು ದುಃಖ ಎಂದು ಕರೆಯಲೂ ಇಲ್ಲ. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗತೊಡಗಿದ, ಅಷ್ಟೆ.

೨೦೦೨ರಲ್ಲಿ ಅವನಿಗೆ ಇಂಟರ್ನೆಟ್ಟಿನಲ್ಲಿ ಒಂದು ಸಾಫ್ಟ್‌ವೇರ್ ಸಿಕ್ಕಿತು. ಮಾದರಿ ರೈಲಿನ ಹಳಿ ಎಲ್ಲಿ ತಿರುಗಬೇಕು, ಎಲ್ಲಿ ಕವಲೊಡೆಯಬೇಕು ಎಂದು ತಿಳಿಸಿದರೆ ಅದು ಹಳಿಯಡಿಯ ಅಡ್ಡಪಟ್ಟಿಗಳಾದ ಸ್ಲೀಪರುಗಳ ಸಮೇತ ನಕ್ಷೆ ಬಿಡಿಸುತ್ತಿತ್ತು. ಅದನ್ನು ಮುದ್ರಿಸಿ, ಹಾಳೆಗೆ ಹಾಳೆ ಅಂಟಿಸಿ, ಆ ಗೆರೆಗಳ ಮೇಲೆಯೇ ಹಳಿ ಕೂಡಿಸಬೇಕು. ಗುರುಬಸವ ನೆನಪಿನಲ್ಲಿದ್ದ ಹಳೆಯ ಧಾರವಾಡ ಸ್ಟೇಷನ್ನನ್ನು ಬಿಡಿಸಲು ಕುಳಿತ. ಪ್ರಬಂಧ ಕೇಳಲು ಬಂದವರಿಗೆ "ಕರೆಂಟ್ ಇಲ್ರೀ" ಎನ್ನುತ್ತಿದ್ದ. ಫ್ಯಾನು ಅವರ ತಲೆಯ ಮೇಲೆ ತಿರುಗುತ್ತಿತ್ತು.

ಲಕಮನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಅಬ್ದುಲಮಜೀದ ಹಿತ್ತಾಳೆಯ ತೆಳು ಪಟ್ಟಿಗಳನ್ನು ಕತ್ತರಿಸಿಕೊಟ್ಟ. ಯಾತಕ್ಕೆಂದು ಕೇಳಿದ. "ರೈಲಿಗೆ" ಎಂದ ಮೇಲೆ ಮತ್ತೇನೂ ಕೇಳಲಿಲ್ಲ.

ಮರುವರ್ಷ ಹಳಿ ಮುಗಿಯಿತು. ಮುಂಬಯಿಯ ಹಳೆಸಾಮಾನಿನ ಪೇಟೆಯಲ್ಲಿ ಕೊಂಡಿದ್ದ ಇಂಜಿನ್ನನ್ನು ಗುರುಬಸವ ಅದರ ಮೇಲಿಟ್ಟ. ಗಾಲಿ ಹಳಿ ಹತ್ತಿ ನಿಂತಿತು, ಆಮೇಲೆ ಇಂಜಿನ್ ಮಗ್ಗುಲಾಯಿತು. ಎಲ್ಲಿ ಇಟ್ಟರೂ ಅದೇ ಕತೆ. ಸ್ಕೇಲ್ ಹಿಡಿದು ಅಳೆದಾಗ ತಿಳಿಯಿತು: ಅಂಚು ಬಿಡುವುದಕ್ಕಾಗಿ ಪ್ರಿಂಟರು ಪ್ರತಿ ಹಾಳೆಯ ನಕ್ಷೆಯನ್ನೂ ಒಂದಿಷ್ಟು ಕುಗ್ಗಿಸಿತ್ತು.

ಹೆಂಡತಿ ರಜನಿ ಬಾಗಿಲಲ್ಲಿ ನಿಂತಿದ್ದಳು.

"ಏನಾತ್ರಿ?"

"ಹಳಿ ಸಣ್ಣದಾಗೇತಿ."

"ಎಲ್ಲಾ?"

"ಎಲ್ಲಾ."

ರಜನಿ ಒಳಗೆ ಬಂದು ಹಳಿಯ ಮೇಲೆ ಬಾಗಿದಳು. "ರೈಲ್ವೆದವ್ರಿಗೂ ಹಂಗ ಆಗಿತ್ತಲ್ರಿ. ಕಿತ್ತು, ಅಗಲ ಮಾಡಿ ಹಾಕಿದ್ರು."

ಅವಳು ಚುಚ್ಚಲು ಹೇಳಿದ್ದಲ್ಲ. ಆದರೂ ಗುರುಬಸವ ಕೆಲವು ದಿನ ಊಟಕ್ಕೆ ಬೇಕಾದಷ್ಟೇ ಮಾತಾಡಿದ. ಆ ದಿನಗಳಲ್ಲಿ ಮೂರು ಪ್ರಬಂಧಗಳು ಮುಗಿದವು.

ಒಂದು ಭಾನುವಾರ ಅವನು ಚಾಕು ಹಿಡಿದು ಹಳಿ ಕೀಳಲು ಕುಳಿತ. ರಜನಿ ಇನ್ನೊಂದು ತುದಿಯಿಂದ ಶುರು ಮಾಡಿದಳು. ಕೀಳುತ್ತ ಅವನು ಹೇಳುತ್ತ ಹೋದ: ಇಲ್ಲಿ ಇಂಜಿನ್ನಿಗೆ ನೀರು ಬಿಡುತ್ತಿದ್ದರು, ಇಲ್ಲಿ ಅಪ್ಪ ಹತ್ತಿಯ ಬೇಲುಗಳ ಮೇಲೆ ತನ್ನನ್ನು ಕೂಡಿಸಿ ಚಹಾಕ್ಕೆ ಹೋಗುತ್ತಿದ್ದ. ಮದುವೆಯಾದಾಗಿನಿಂದ ರಜನಿ ಇದನ್ನೆಲ್ಲ ಕೇಳಿರಲಿಲ್ಲ. ಹಾಕುವುದಕ್ಕಿಂತ ಕೀಳುವುದು ಬೇಗ ಮುಗಿಯಿತು.

ಈ ಸಲ ಮುದ್ರಿಸಿದ ಮೊದಲ ಹಾಳೆಯನ್ನು ಇಬ್ಬರೂ ಅಳೆದರು. ರಜನಿ ಎರಡು ಸಲ ಅಳೆದಳು.

ಇಂಜಿನ್ ಓಡಿದ ದಿನ ಗುರುಬಸವನ ತಾಯಿ ಶರಣವ್ವ ಕುರ್ಚಿ ಹಾಕಿಸಿಕೊಂಡು ಕುಳಿತಳು.

"ಎಲ್ಲಿಗೆ ಹೊಂಟೈತೋ ಇದು?"

"ಮುಂದಿನ ಸ್ಟೇಷನ್ ನವಲೂರಿಗೆ, ಅವ್ವಾ."

"ಅಲ್ಲಿಂದ ಮುಂದ?"

"ಮುಂದ ಗ್ವಾಡಿ ಐತಿ."

ಶರಣವ್ವ ತಲೆಯಾಡಿಸಿದಳು. ಇಂಜಿನ್ ಗೋಡೆಯವರೆಗೆ ಹೋಗಿ ಹಿಂದಕ್ಕೆ ಬಂತು.

"ನವಲೂರಿಗೆ ಹೋಗಿ ಬರೇ ಕೈಲೆ ಬಂತಲ್ಲೋ," ಎಂದಳು ಅವಳು. "ಅಲ್ಲೀ ಪ್ಯಾರಲ ಹಣ್ಣರೆ ತರಬೇಕಿತ್ತು."