ಅಂಗೈಯೊಳಗಿನ ಚಿಕ್ಕ ಲಿಂಗ

ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಮಗಳು ಸ್ನಾನ ಮುಗಿಸಿ ಲಿಂಗಪೂಜೆಗೆ ಕೂತಳು. ಚೊಚ್ಚಲ ಹೆರಿಗೆಗೆಂದು ಚನ್ನಗಿರಿಗೆ, ನಮ್ಮ ಮನೆಗೆ ಬಂದಿದ್ದಳು. ಎಡ ಅಂಗೈ ಮೇಲೆ ಮೊದಲು ತನ್ನ ಲಿಂಗ, ಆಮೇಲೆ ಕೂಸಿನದು. ಎಂಟನೇ ತಿಂಗಳಲ್ಲಿ ಅಯ್ಯನವರು ಬಂದು ಹೊಟ್ಟೆಯೊಳಗಿನ ಕೂಸಿಗೆಂದು ಕಟ್ಟಿದ ಲಿಂಗ ಅದು. ಹುಟ್ಟುವವರೆಗೆ ತಾಯಿಯೇ ಧರಿಸಬೇಕು. ಎರಡಕ್ಕೂ ವಿಭೂತಿ ಹಚ್ಚಿದಳು. ಚಿಕ್ಕದಕ್ಕೆ ಮಾತ್ರ ತುದಿಬೆರಳಿನಲ್ಲಿ, ನಿದ್ದೆ ಕೆಡಿಸಬಾರದೆನ್ನುವ ಹಾಗೆ.

ಹಿಂದಿನ ವಾರ ಸ್ಕ್ಯಾನಿಂಗ್ ಮಾಡಿದವರಿಗೆ ಕೂಸಿನ ಗಂಟಲಿನ ಬಗ್ಗೆ ಏನೋ ಅನುಮಾನ ಬಂದು, ಎಂಆರ್‌ಐ ಮಾಡಿಸಿ ಎಂದಿದ್ದರು. ಕಿಟಕಿ ಮುಚ್ಚಿ, ಬಾಗಿಲಿಗೆ ಬೀಗ ಹಾಕಿ, ನಮ್ಮ ಮನೆಯವರ ಕಾರಿನಲ್ಲಿ ಮೂವರೂ ದಾವಣಗೆರೆಗೆ ಹೊರಟೆವು.

“ಮೈಮೇಲೆ ಲೋಹ ಏನೂ ಇರಬಾರದು ಮೇಡಂ,” ಎಂದಳು ಅಲ್ಲಿಯ ಹುಡುಗಿ. ತಾಳಿ, ಕಾಲುಂಗುರ, ಬೆಳ್ಳಿ ಕರಡಿಗೆಯೊಳಗಿನ ಮಗಳ ಲಿಂಗ ನನ್ನ ಪರ್ಸಿಗೆ ಬಂದವು. ಕೂಸಿನದು ಬರೀ ಬಟ್ಟೆಯಲ್ಲಿ ಕಟ್ಟಿದ್ದು. “ಅದೂ ಬೇಡ. ಟ್ರೇಯಲ್ಲಿಡಿ.”

“ಕೂಸಿಂದು ಎಲ್ಲೂ ಇಡಬ್ಯಾಡಮ್ಮ,” ಎಂದಳು ಮಗಳು. “ನಿನ್ನ ಕೈಯಾಗೇ ಇಟ್ಕೋ.”

ಗಾಜಿನ ಈಚೆ ಕೂತೆ. ಕಬ್ಬಿಣದ ಬಾಗಿಲನ್ನು ಯಾರೋ ಒಳಗಿನಿಂದ ಬಡಿಯುವಂಥ ಸದ್ದು. ತಟ್ಟನೆ ನಿಂತಿತು. “ಉಸಿರು ಹಿಡ್ಕೊಳ್ರಿ,” ಎಂದಳು ಹುಡುಗಿ ಮೈಕಿನಲ್ಲಿ. ನಾನೂ ಹಿಡಿದೆ. ಮುಷ್ಟಿಯೊಳಗೆ ಲಿಂಗ ಬೆಚ್ಚಗಾಗುತ್ತಿತ್ತು. ನನ್ನ ಕೈಯ ಬಿಸಿಯೇ ಇರಬೇಕು. ಬಿಚ್ಚಿ ನೋಡಲು ಧೈರ್ಯವಾಗಲಿಲ್ಲ.

ಡಾಕ್ಟರು ಚಿತ್ರ ತೋರಿಸಿದರು. ಮೂಗು, ತುಟಿ, ನಮ್ಮ ಮನೆಯವರದೇ ಗಲ್ಲ. ಬಾಯಿ ತೆರೆದಿತ್ತು, ಯಾರನ್ನೋ ಕೂಗಹೊರಟು ತಡೆದಂತೆ.

“ಈ ಬಿಳಿ ಗೆರೆ ಉಸಿರಿನ ಕೊಳವೆ. ಮೇಲೆ, ಇಲ್ಲಿ, ಮುಚ್ಚಿಹೋಗಿದೆ. ಒಳಗಿರೋ ತನಕ ಕೂಸಿಗೆ ಉಸಿರಿನ ಚಿಂತೆ ಇಲ್ಲ, ಹೊಕ್ಕುಳಬಳ್ಳಿ ನೋಡ್ಕೊಳ್ಳುತ್ತೆ. ಬಳ್ಳಿ ಕತ್ತರಿಸಿದ ಮೇಲೇ ಕಷ್ಟ. ಅದಕ್ಕೇ ಬೆಂಗಳೂರಲ್ಲಿ ಆಪರೇಷನ್ ಮಾಡಿ, ಬಳ್ಳಿ ಕತ್ತರಿಸೋಕೆ ಮುಂಚೆ ಕತ್ತಿನಲ್ಲಿ ನಳಿಕೆ ಇಡ್ತಾರೆ. ಮೊದಲೇ ಗೊತ್ತಾಗಿದ್ದಕ್ಕೆ ದಾರಿ ಇದೆ. ಆದರೆ ಉಳಿದೇ ಉಳಿಯುತ್ತೆ ಅಂತ ನಾನು ಹೇಳಲ್ಲ.”

“ಅಳುತ್ತಾ ಡಾಕ್ಟ್ರೇ?” ಮಗಳು ಕೇಳಿದ್ದು ಅದೊಂದನ್ನೇ.

“ಅಳುತ್ತೆ. ನಳಿಕೆ ಇರೋವರೆಗೂ ಸದ್ದು ಬರಲ್ಲ.”

ವಾಪಸು ತ್ಯಾವಣಿಗೆ ದಾಟುವಾಗ ಚಿಕ್ಕ ಲಿಂಗ ಮತ್ತೆ ಅವಳ ಕೊರಳಲ್ಲಿತ್ತು. “ಒಳಗೇ ಇದ್ದುಬಿಡ್ಲಿ ಬಿಡಮ್ಮ. ನಾನೇನು ಬಾಡಿಗೆ ಕೇಳ್ತೀನಾ?” ಎಂದು ನಕ್ಕಳು. ಅವರಪ್ಪ ಹಿಂತಿರುಗಿ ನೋಡಲಿಲ್ಲ.

ಸಂಜೆ ಬೀಗಕ್ಕೆ ಕೀಲಿ ಹಾಕುತ್ತಿದ್ದೆ. ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯುತ್ತಾ ಕಾಂಪೌಂಡಿನ ಆಚೆಯಿಂದಲೇ ಕೂಗಿದರು:

“ಈಗ ಬಂದ್ರಾ ಅಕ್ಕಾರೆ? ಮಧ್ಯಾಹ್ನ ನಿಮ್ಮನೆಗೆ ಯಾರು ಬಂದಿದ್ರು? ಕೂಸು ಏನು ಅಳ್ತಿತ್ತು ರೀ, ನನಗೆ ಒಂದು ಗಳಿಗೆ ನಿದ್ದೆ ಮಾಡಾಕೆ ಬಿಡಲಿಲ್ಲ!”