ಬಿಳಿಯಾಗಬೇಕಿದ್ದ ಅರ್ಧ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆರೆಫರ್ಡ್‌ಶೈರ್‌ನ ಆಲ್ಡರ್‌ವಿಕ್ ಹಳ್ಳಿಯ ಚರ್ಚಿನ ಹಿಂದಿರುವ ಹಳೆಯ ಕುಲುಮೆಯಲ್ಲಿ ಚಿತ್ರಗಾರ್ತಿ ಡಿಲಿಸ್ ಪ್ರಾಸರ್ ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಹೇರ್ ಡ್ರೈಯರ್ ಹಿಡಿದು ನಿಂತಿದ್ದಾರೆ. ಎದುರಿಗೆ, ತನ್ನದೇ ಒಂದು ಮೂಲೆಯ ಮೇಲೆ ವಜ್ರದಾಕಾರದಲ್ಲಿ ನಿಲ್ಲಿಸಿದ ಚೌಕ ಹಲಗೆ. ಅದರಲ್ಲಿ ಥಾರ್ನ್‌ಲೋ ಮನೆತನದ ಲಾಂಛನ: ಎಡಕ್ಕೆ ಯಜಮಾನರ ಮೂರು ಬೆಳ್ಳಿ ಕೊಕ್ಕರೆ, ಬಲಕ್ಕೆ ಅವರ ಹೆಂಡತಿಯ ತವರಿನ ಚಿನ್ನದ ಗೋಧಿ ಸಿವುಡು. ಹತ್ತು ಗಂಟೆಗೆ ಯಜಮಾನ ಆಂಬ್ರೋಸ್ ಅವರ ಶವಯಾತ್ರೆ. ಅಷ್ಟರೊಳಗೆ ಸಾವು ಸಾರುವ ಈ ಹಲಗೆ ಅವರ ಬಂಗಲೆಯ ಬಾಗಿಲ ಮೇಲೆ ಏರಿರಬೇಕು.

ಆದರೆ ತಪ್ಪಾಗಿದೆ. ಗಂಡ ತೀರಿಕೊಂಡರೆ ಅವನ ಕಡೆಯ ಹಿನ್ನೆಲೆ ಕಪ್ಪು, ಬದುಕಿರುವ ಹೆಂಡತಿಯ ಕಡೆಯದು ಬಿಳಿ. ಯಾರು ಹೋದರು, ಯಾರು ಉಳಿದರು ಎಂಬುದನ್ನು ಊರು ಹಲಗೆ ನೋಡಿಯೇ ತಿಳಿಯುತ್ತದೆ. ಚಳಿಗಾಲವಿಡೀ ಡಿಲಿಸ್ ಚರ್ಚಿನ ಹಳೆಯ ಹಲಗೆಗಳನ್ನು ದುರಸ್ತಿ ಮಾಡುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಮಣ್ಣಾದ ಮೇಲೆ ಬರೆದ, ಪೂರ್ತಿ ಕಪ್ಪು ಹಿನ್ನೆಲೆಯ ಹಲಗೆಗಳವು. ಅದೇ ರೂಢಿಯಲ್ಲಿ ದಣಿದ ಕೈ ಇಲ್ಲೂ ಎರಡೂ ಅರ್ಧಕ್ಕೆ ಕಪ್ಪು ಬಳಿದುಬಿಟ್ಟಿದೆ.

ನಿನ್ನೆ ಸಂಜೆ ನೋಡಲು ಬಂದ ಯಜಮಾನರ ಹೆಂಡತಿ ರೋಸಮಂಡ್ ಅವರೇ ಅದನ್ನು ಕಂಡುಹಿಡಿದರು. "ನನ್ನನ್ನೂ ಕಳಿಸಿಬಿಟ್ಯಾ, ಡಿಲಿಸ್?" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತಂತೆ ಡಿಲಿಸ್‌ಗೆ. ಸರಿಮಾಡುತ್ತೇನೆ ಎಂದು ತಡವರಿಸಿದರೆ ಮುದುಕಿ, "ಬಿಡು, ಹಾಗೇ ಇರ್ಲಿ. ನಂಗೂ ಸಾಕಾಗಿದೆ" ಅಂದರಂತೆ.

"ಬದುಕಿರೋರನ್ನ ಕಪ್ಪಲ್ಲಿ ನೇತು ಹಾಕೋಕಾಗುತ್ತಾ, ನೀವೇ ಹೇಳಿ? ಅಪ್ಪ ಗೋರಿಯಿಂದ ಎದ್ದು ಬಂದು ಕುಂಚ ಕಿತ್ಕೊಂಡು ಹೋಗ್ತಾನೆ" ಎನ್ನುತ್ತಾರೆ ಡಿಲಿಸ್.

ಕಸುಬು ಅಪ್ಪನಿಂದಲೇ ಬಂದದ್ದು. ಲಾಂಛನ ಹೊಟ್ಟೆ ತುಂಬಿಸುವುದಿಲ್ಲ. ಅದಕ್ಕಿರುವುದು ಪಬ್ಬುಗಳ ಬೋರ್ಡು, ಮಾಂಸದಂಗಡಿಯ ವ್ಯಾನಿನ ಅಕ್ಷರ. ಏಣಿ ಹತ್ತಿ ಹತ್ತಿ ಮಂಡಿ ಸವೆದಿದೆ. ಬಲಗೈ ಭುಜದಿಂದ ಮೇಲೇಳುವುದಿಲ್ಲ. ಸಾವಿನ ಹಲಗೆಯಲ್ಲಿ ಬರೆದವರ ಹೆಸರು ಹಾಕುವ ಪದ್ಧತಿಯೂ ಇಲ್ಲ. "ನನ್ನ ಹೆಸರು ಯಾಕ್ರೀ? ಅದ್ರಲ್ಲಿ ಸತ್ತೋರ ಹೆಸರೇ ಇರಲ್ಲ" ಎಂದು ನಗುತ್ತಾರೆ, ನಗು ಅರ್ಧಕ್ಕೇ ಆಕಳಿಕೆಯಾಗುತ್ತದೆ.

ಮತ್ತೊಂದು ಕೋಟು ಬಿಳಿ, ಮತ್ತೆ ಡ್ರೈಯರ್. ಕಪ್ಪು ಮಾತ್ರ ಜಗ್ಗುವುದಿಲ್ಲ.

ಎಂಟರ ಹೊತ್ತಿಗೆ ರೋಸಮಂಡ್ ಫ್ಲಾಸ್ಕಿನಲ್ಲಿ ಟೀ ಹಿಡಿದು ಬರುತ್ತಾರೆ. ಹಲಗೆಯ ಹತ್ತಿರ ಬಗ್ಗಿ ನೋಡುತ್ತಾರೆ.

"ಪೂರ್ತಿ ಬೆಳ್ಳಗಾಗಲಿಲ್ಲ ಅಮ್ಮಾವ್ರೇ. ಅಡಿಯಿಂದ ಕಪ್ಪು ಇಣುಕ್ತಾ ಇದೆ."

"ಇಣುಕಲಿ ಬಿಡು. ನನ್ನ ಒಳಗೂ ಹಾಗೇ ಇದೆ" ಎಂದು ಅವರೇ ಟೀ ಬಗ್ಗಿಸಿ ಕೊಡುತ್ತಾರೆ. "ಆದ್ರೂ ಬಿಳೀನೇ. ಹಾಕು ಮೇಲೆ."

ಆಳುಗಳು ಹಲಗೆ ಹೊತ್ತು ಹೊರಟ ಮೇಲೆ ಡಿಲಿಸ್ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಮುಂದೆ ಏನಾಸೆ ಎಂದು ಕೇಳಿದರೆ ಬೆರಳಿಗಂಟಿದ ಬಿಳಿಯನ್ನು ಉಜ್ಜುತ್ತಾರೆ.

"ಅಮ್ಮಾವ್ರ ಸರದಿ ಬಂದಾಗ ಕಪ್ಪು ಬಳಿಯೋಕೆ ಬೇರೆ ಯಾರಾದ್ರೂ ಇರ್ಲಿ" ಎನ್ನುತ್ತಾರೆ. "ನಾನು ಒಂದ್ಸಲ ಬಳಿದಾಯ್ತು."